ಶುಕ್ರವಾರದ ಆಸ್ತಿ

ನಾವು ಹೋದ ಹಡಗು ಕಲ್ಪೇನಿ ದ್ವೀಪವನ್ನು ಮುಟ್ಟಲೇ ಇಲ್ಲ. ಹವಳದ ದಿಬ್ಬದಾಚೆ, ಆಳದ ನೀರಿನಲ್ಲಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಸಣ್ಣ ದೋಣಿ. ಹಡಗಿನ ಪಕ್ಕದ ಬಾಗಿಲಲ್ಲಿ ನಿಂತ ಇಬ್ಬರು ಹುಡುಗರು, ಅಲೆ ದೋಣಿಯನ್ನು ಮೇಲಕ್ಕೆತ್ತುವ ಕ್ಷಣಕ್ಕೆ ಕಾದು, ನನ್ನ ಎರಡೂ ರಟ್ಟೆ ಹಿಡಿದು ಅಕ್ಕಿಮೂಟೆ ದಾಟಿಸುವಂತೆ ದಾಟಿಸಿದರು. ಸೀರೆ ಉಟ್ಟವಳು ನಾನೊಬ್ಬಳೇ. ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಬೇರೆ! ನಮ್ಮವರು ಕ್ಯಾಮೆರಾ ಎತ್ತಿದಾಗ ಕಣ್ಣಲ್ಲೇ ಗದರಿಸಿದೆ.

2012ರ ಜನವರಿ ಅದು. ನಮ್ಮವರು ಬ್ಯಾಂಕಿನಿಂದ ನಿವೃತ್ತರಾದ ಸಂತೋಷಕ್ಕೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಐದು ದಿನದ ಪ್ರವಾಸ. ರಾತ್ರಿ ಹಡಗಿನಲ್ಲೇ ನಿದ್ದೆ, ಹಗಲು ಒಂದೊಂದು ದ್ವೀಪ. ನಿದ್ದೆ ಎಂದೆನಲ್ಲ, ಅದು ಬರೆಯುವುದಕ್ಕೆ ಮಾತ್ರ; ತೊಟ್ಟಿಲು ತೂಗಿದರೆ ನಿದ್ದೆ ಬರುವುದು ಕೂಸುಗಳಿಗೆ, ಅರವತ್ತರ ಹತ್ತಿರ ಬಂದವರಿಗಲ್ಲ.

ಕಲ್ಪೇನಿ ಮೂರು ಚದರ ಕಿಲೋಮೀಟರಿಗೂ ಕಡಿಮೆ. ತಲೆಯ ಮೇಲೆ ತೆಂಗು, ಕಾಲ ಕೆಳಗೆ ಬಿಳಿ ಮರಳು, ನಡುವೆ ಮನೆಗಳು. ಪೂರ್ವದ ದಡದುದ್ದಕ್ಕೂ ಮುರಿದ ಹವಳದ ಬಂಡೆಗಳ ರಾಶಿ. 1847ರ ದೊಡ್ಡ ಬಿರುಗಾಳಿ ಎಸೆದುಹೋದದ್ದಂತೆ. ಪಶ್ಚಿಮಕ್ಕೆ ಹಿನ್ನೀರಿನಂಥ ಶಾಂತ ಕಡಲು, ನವಿಲುಗರಿಯ ಕಣ್ಣಿನ ಬಣ್ಣ. ಉಳಿದವರೆಲ್ಲ ಎಳನೀರು ಕುಡಿದು ನೀರಿಗಿಳಿದರು. ನಮ್ಮವರೂ ಮೂಗಿಗೆ ಕೊಳವೆ ಕಟ್ಟಿಕೊಂಡು ಮೀನು ನೋಡಲು ಹೊರಟರು. ನನಗೆ ಬೇಕಾದದ್ದು ಬಚ್ಚಲುಮನೆ. ಪ್ರವಾಸಕ್ಕೆ ಹೋದ ಹೆಂಗಸರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಸಿಗರಿಗೆಂದು ಇದ್ದ ಜಾಗದ ಮುಂದೆ ಉದ್ದ ಸಾಲು. ಹತ್ತಿರದ ಮನೆಯೊಂದರ ಅಂಗಳದಲ್ಲಿ ತೆಂಗಿನ ನಾರು ಬಿಡಿಸುತ್ತ ಕೂತಿದ್ದ ಹೆಂಗಸನ್ನು ಕೇಳಿಯೇಬಿಟ್ಟೆ.

ಕಣ್ಣೂರಿನಲ್ಲಿ ನಾಲ್ಕು ವರ್ಷ ಇದ್ದಾಗ ಕಲಿತ ಮಲಯಾಳ ನನ್ನದು. ಆಕೆಯದು ದ್ವೀಪದ ಮಾತು, ಮಲಯಾಳದ ತಂಗಿಯಂಥದ್ದು. ಅರ್ಧ ಬಾಯಿ, ಅರ್ಧ ಕೈ. ಅಷ್ಟಕ್ಕೇ ಕೆಲಸ ನಡೆಯಿತು. ನಾನು "ಇತ್ತಾ" ಎಂದೆ, ಆಕೆ "ಚೇಚಿ" ಎಂದರು. ಹೊರಟವಳನ್ನು ಕೂರಿಸಿ, ಒಣಬಾಳೆಲೆಯಲ್ಲಿ ಸುತ್ತಿದ ಕಾಯಿಬೆಲ್ಲದ ಉಂಡೆ ಕೊಟ್ಟರು.

"ಗಂಡನ ಮನೆಯಾ ಇದು?" ಎಂದು ಕೇಳಿದೆ. ನಾವು ಕೇಳುವ ಮೊದಲ ಪ್ರಶ್ನೆ ಅದೇ ತಾನೇ?

ಆಕೆಗೆ ನಗು ಬಂತು. "ನನ್ನ ಉಮ್ಮನ ಮನೆ. ಉಮ್ಮನ ಉಮ್ಮನ ಮನೆ. ನಾನೆಲ್ಲಿಗೆ ಹೋಗಲಿ?"

ಇವರು ಮುಸಲ್ಮಾನರು, ಆದರೂ ಮನೆತನ ನಡೆಯುವುದು ತಾಯಿಯ ಕಡೆಯಿಂದ. ಹಿಂದೆಲ್ಲ ಗಂಡನಾದವನು ರಾತ್ರಿ ಹೆಂಡತಿಯ ಮನೆಗೆ ಬಂದು, ಬೆಳಿಗ್ಗೆ ತನ್ನ ತಾಯಿಯ ಮನೆಗೆ ಹೋಗುತ್ತಿದ್ದನಂತೆ. ಲೀಲಾ ದುಬೆ ಎಂಬ ವಿದುಷಿ 1969ರಲ್ಲೇ ಈ ದ್ವೀಪಗಳ ಪದ್ಧತಿಯ ಮೇಲೆ ಪುಸ್ತಕ ಬರೆದಿದ್ದಾರೆ. ತಲೆತಲಾಂತರದ ತರವಾಡಿನ ಸ್ವತ್ತಿಗೆ ಇಲ್ಲಿ ಶುಕ್ರವಾರದ ಆಸ್ತಿ ಎಂದು ಹೆಸರು. ಅದು ತಾಯಿಯ ಸಂತಾನದ್ದು. ಒಬ್ಬರು ತಾವೇ ದುಡಿದು ಗಳಿಸಿದ್ದು ಸೋಮವಾರದ ಆಸ್ತಿ. ಅದನ್ನು ಅವರವರ ಧರ್ಮಶಾಸ್ತ್ರದಂತೆ ಮಕ್ಕಳಿಗೆ ಹಂಚುತ್ತಾರೆ. ವಾರದ ಎರಡು ದಿನಗಳಲ್ಲಿ ಇಡೀ ಕಾನೂನು!

ಶುಕ್ರವಾರ ಎಂದ ಕೂಡಲೇ ನನಗೆ ನೆನಪಾದದ್ದು ನಮ್ಮ ಅಮ್ಮ. ಶುಕ್ರವಾರ ಮಗಳನ್ನು ತವರಿನಿಂದ ಕಳಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆಂದು ಶನಿವಾರದವರೆಗೆ ನಿಲ್ಲಿಸಿಕೊಳ್ಳುತ್ತಿದ್ದಳು. ಒಂದು ದಿನ ಹೆಚ್ಚು ಸಿಕ್ಕಿತೆಂದು ನಾನು ಹಿಗ್ಗುತ್ತಿದ್ದೆ.

ಆ ಹೊತ್ತಿಗೆ ಮನೆಯ ಕಪಾಟಿನಲ್ಲಿ ಒಂದು ಕಾಗದ ನನ್ನನ್ನು ಕಾಯುತ್ತಿತ್ತು. ಹಕ್ಕು ಬಿಡುಗಡೆ ಪತ್ರ. ಪುತ್ತೂರಿನ ಹತ್ತಿರದ ನಮ್ಮ ಮನೆ ಮಕ್ಕಳಕಟ್ಟಿನದು. ಅಳಿಯಕಟ್ಟಿನ ನೆರೆಮನೆಯವರನ್ನು ಕಂಡು ಅಪ್ಪ ತಮಾಷೆ ಮಾಡುತ್ತಿದ್ದುದುಂಟು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಗಂಡುಮಕ್ಕಳಷ್ಟೇ ಹಕ್ಕುದಾರರು. ಅಪ್ಪ ತೀರಿಕೊಂಡ ಮೇಲೆ ಅಣ್ಣನಿಗೆ ನನ್ನ ಸಹಿ ಬೇಕಾಯಿತು. ಅಣ್ಣ ಕೆಟ್ಟವನಲ್ಲ. ಬಾಣಂತನಕ್ಕೆ, ಹಬ್ಬಕ್ಕೆ, ಎಂದೂ ಕಡಿಮೆ ಮಾಡಿದವನಲ್ಲ. ತೋಟ ಅವನದೇ ಬೆವರು. ಆದರೂ ಕಾಗದ ಒಂದು ತಿಂಗಳಿಂದ ಕಪಾಟಿನಲ್ಲೇ ಇತ್ತು. ಏನು ತಡೆಯುತ್ತಿದೆ ಎಂದು ಕೇಳಿದರೆ ಹೇಳಲು ನನಗೆ ಮಾತು ಸಿಕ್ಕಿರಲಿಲ್ಲ.

ಆ ಇತ್ತಾನಿಗೆ ಇದನ್ನೆಲ್ಲ ಹೇಳುವಷ್ಟು ಮಲಯಾಳ ನನ್ನಲ್ಲಿ ಎಲ್ಲಿಂದ? "ನಮ್ಮಲ್ಲಿ ಮದುವೆಯಾದವಳು ತವರಿಗೆ ನೆಂಟಳು" ಎಂದೆ. ಆಕೆ ನಾರು ಬಿಡಿಸುವ ಕೈ ನಿಲ್ಲಿಸಿದರು. "ಹಾಗಾದರೆ ಜಗಳವಾಡಿದರೆ ಎಲ್ಲಿ ಮಲಗುತ್ತೀರಿ?"

ಇಲ್ಲಿ ಎಲ್ಲ ಹಾಲುಜೇನು ಎಂದು ನೀವು ತಿಳಿಯಬಾರದು. ತರವಾಡು ಪಾಲಾಗುತ್ತಿದೆ, ಈಗಿನ ಹುಡುಗರು ಹೆಂಡತಿ ಮಕ್ಕಳೊಂದಿಗೆ ಬೇರೆ ಮನೆ ಕಟ್ಟುತ್ತಾರೆ ಎಂದು ಆಕೆಯೇ ಹೇಳಿದರು. ಅಡಿಗೆಮನೆಗಾಗಿ ಅಕ್ಕತಂಗಿಯರು ಕೂಗಾಡುವುದನ್ನೂ ಅಭಿನಯಿಸಿ ತೋರಿಸಿದರು. ಹೆಂಗಸಿನ ಹೆಸರಿಗೆ ಮನೆ ಇದ್ದರೂ ಹೆಂಗಸಿಗೆ ಕೆಲಸ ತಪ್ಪಿಲ್ಲ. ಬ್ರಿಟಿಷರ ಕಾಲದಲ್ಲಿ ಈ ದ್ವೀಪಗಳ ನಾರಿನ ಹುರಿಯನ್ನು ಸರಕಾರವೇ ತೆಗೆದುಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಹುರಿ ಹೊಸೆದ ಕೈಗಳು ಹೆಂಗಸರವು. ಅಮಿನಿ, ಕಡಮತ್ ಮುಂತಾದ ಉತ್ತರದ ಐದು ದ್ವೀಪಗಳಂತೂ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮೂರ ಕಡೆ ಬಾವಿಗೆ ಇಳಿಬಿಟ್ಟ ಎಷ್ಟು ಹಗ್ಗಗಳು ಇಂಥ ಅಂಗಳಗಳಿಂದ ಬಂದವೋ, ಯಾರು ಕೇಳಿದ್ದರು?

ಸಂಜೆ ದೋಣಿ ಹೊರಡುವಾಗ ನಮ್ಮವರು ಮೀನುಗಳ ಬಣ್ಣ ವರ್ಣಿಸುತ್ತಲೇ ಇದ್ದರು. ಹಳದಿಯಂತೆ, ನೀಲಿಯಂತೆ, ಪಟ್ಟೆಯಂತೆ. ನಾನು ಹೂಂಗುಟ್ಟುತ್ತ ದಡ ನೋಡುತ್ತಿದ್ದೆ. ತೆಂಗಿನ ಸಾಲಿನಲ್ಲಿ ಆಕೆಯ ಮನೆ ಯಾವುದೆಂದು ಗುರುತೇ ಸಿಗಲಿಲ್ಲ.

ಊರಿಗೆ ಬಂದವಳು ಅಣ್ಣನಿಗೆ ಫೋನು ಮಾಡಲಿಲ್ಲ, ಕಾಗದ ಬರೆದೆ. ತೋಟ, ಗದ್ದೆ, ಮನೆ ಎಲ್ಲ ನೀನೇ ಇಟ್ಟುಕೋ, ಸಹಿ ಹಾಕುತ್ತೇನೆ. ಚಾವಡಿಯ ಪಕ್ಕದ ಕೋಣೆಯಲ್ಲಿ ನಾನು ಇರುವಷ್ಟು ಕಾಲ ವಾಸಿಸುವ ಹಕ್ಕು ಮಾತ್ರ ನನ್ನದೆಂದು ಪತ್ರದಲ್ಲಿ ಬರೆಸು. ನಮ್ಮವರು ಓದಿ, "ಅಲ್ಲಿ ಹೋಗಿ ಇರುತ್ತೀಯಾ?" ಎಂದರು. "ಇಲ್ಲ" ಎಂದೆ. "ಮತ್ತೆ ಯಾಕೆ?" ಎಂದರು. ಲಕೋಟೆಗೆ ಗೋಂದು ಹಚ್ಚಿದೆ.

ಅಣ್ಣ ಎರಡು ವಾರ ಮಾತಾಡಲಿಲ್ಲ. ಮೂರನೆಯ ವಾರ ಅತ್ತಿಗೆಯ ಫೋನು ಬಂತು. ಮಳೆಗಾಲಕ್ಕೆ ಮೊದಲು ಮನೆಗೆ ಸುಣ್ಣಬಣ್ಣ ಮಾಡಿಸುತ್ತಾರಂತೆ. ನನ್ನ ಕೋಣೆಗೆ ಯಾವ ಬಣ್ಣ ಬೇಕು ಎಂದು ಕೇಳಿದರು.