ತಂದ ಬಾಗಿಲು, ಬಿಟ್ಟ ಗೋಡೆ

ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ನಮ್ಮ ಹಳೆಯ ಮನೆಯ ತಲೆಬಾಗಿಲಿಗೆ ಬಿಜಾಗರಿಗಳಿರಲಿಲ್ಲ. ಕದದ ಅಂಚಿನಲ್ಲಿ ಮೇಲೂ ಕೆಳಗೂ ಚಾಚಿದ್ದ ಕಟ್ಟಿಗೆಯ ಗೂಟಗಳು ಚೌಕಟ್ಟಿನ ಕುಳಿಗಳಲ್ಲಿ ಕುಳಿತು ತಿರುಗುತ್ತಿದ್ದವು. ತೆರೆದಾಗಲೆಲ್ಲ ಅದು ನರಳುವ ಸದ್ದಿಗೆ ಮಲಗಿದ ನೆಂಟರು ಎಚ್ಚರಗೊಳ್ಳುತ್ತಿದ್ದರು. 2002ರಲ್ಲಿ ಆಲಮಟ್ಟಿಯ ಹಿನ್ನೀರಿಗಾಗಿ ಊರು ಬಿಡಬೇಕಾದಾಗ ತಂದೆಯವರು, “ಮನಿ ನೀರಾಗ ಹೋದ್ರ ಹೋಗ್ಲಿ, ಬಾಗಿಲಾ ಒಯ್ಯೋಣು” ಎಂದರು.

ಪರಿಹಾರದ ಹಣದಿಂದ ಅವಸರದಲ್ಲಿ ಕಟ್ಟಿದ ಹೊಸ ಮನೆಗೆ ಆ ಬಾಗಿಲು ನಿಂತಿತು. ಗೋಡೆಗಳು ತೆಳು, ಮೇಲೆ ತಗಡು. ಮೊದಲ ಬೇಸಿಗೆಯಲ್ಲಿಯೇ ಮಧ್ಯಾಹ್ನ ಒಳಗೆ ಕೂಡುವುದು ದುಸ್ತರವಾಯಿತು. ತಂದೆಯವರು ಬಾಗಿಲನ್ನು ಎಣ್ಣೆಯಿಂದ ಒರೆಸಿ, ನೆರಳನ್ನು ಅರಸುತ್ತ ಹೊರಗೆ ಹೋಗುತ್ತಿದ್ದರು.

ಉದ್ಯೋಗದ ನಿಮಿತ್ತ ನಾನು ಬೆಂಗಳೂರಿಗೆ ಬಂದ ಮೇಲೆ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನು ರೂಪಿಸಿದ ಜರ್ಮನ್ ವಾಸ್ತುಶಿಲ್ಪಿ ಒಟ್ಟೋ ಕೋನಿಗ್ಸ್‌ಬರ್ಗರ್ ಅವರ ಚರಿತ್ರೆಯನ್ನು ಓದಿದೆನು. ಅವರು 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ಆ ನಗರದ ವಸ್ತುಸಂಗ್ರಹಾಲಯದ ಮುಂದೆ ಗ್ರೀಕ್ ಮಾದರಿಯ 18 ಕಂಬಗಳನ್ನು ನಿಲ್ಲಿಸಿ, ಪ್ರಾಚೀನ ಶೈಲಿಗಳಿಗೆ ಮರುಜೀವ ಕೊಟ್ಟ ಷಿಂಕೆಲ್ ಎಂಬ ಮಹಾಶಿಲ್ಪಿಯ ಹೆಸರಿನ ಬಹುಮಾನ 1933ರಲ್ಲಿ ಇವರಿಗೆ ದೊರೆಯಿತು. ಅದೇ ವರ್ಷ ನಾಜಿಗಳ ಆಳ್ವಿಕೆಯಲ್ಲಿ, ಯೆಹೂದಿ ಮೂಲದವರೆಂಬ ಕಾರಣಕ್ಕೆ, ಸರಕಾರಿ ಕೆಲಸವೂ ಹೋಯಿತು! ಬಹುಮಾನ ಕೊಟ್ಟ ಊರಿನಲ್ಲಿ ಬದುಕಲು ಎಡೆಯಿರಲಿಲ್ಲ.

ಅವರು ಈಜಿಪ್ತಿಗೆ ಹೋದರು. ಅಲ್ಲಿ ಅವರು ಸಂಶೋಧನೆಗೆ ಆಯ್ದುಕೊಂಡ ವಿಷಯ ಪ್ರಾಚೀನ ಈಜಿಪ್ತಿನ ಬಾಗಿಲುಗಳ ರಚನೆ. ಆ ಬಾಗಿಲುಗಳೂ ಕುಳಿಯಲ್ಲಿ ಕುಳಿತ ಗೂಟದ ಮೇಲೆಯೇ ತಿರುಗುತ್ತಿದ್ದವಂತೆ! ಓದುತ್ತಿದ್ದ ನನಗೆ ನಮ್ಮ ಬಾಗಿಲಿನ ನರಳಿಕೆ ಕೇಳಿಸಿದಂತಾಯಿತು.

1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಅವರು ಅದರ ಮುಖ್ಯ ವಾಸ್ತುಶಿಲ್ಪಿಯಾಗಿ 1948ರವರೆಗೆ ದುಡಿದರು. ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗದ ಕಟ್ಟಡ ಅವರದು. ಜಮಶೆಡ್‌ಪುರ, ಭುವನೇಶ್ವರಗಳಿಗೆ ನಗರಯೋಜನೆಯನ್ನೂ ಸಿದ್ಧಪಡಿಸಿದರು. ಮುಂದೆ ಲಂಡನ್ನಿನಲ್ಲಿ ಉಷ್ಣದೇಶಗಳ ವಾಸ್ತುವಿದ್ಯೆಯನ್ನು ಬೋಧಿಸಿದರು. 1974ರಲ್ಲಿ ಸಹೋದ್ಯೋಗಿಗಳೊಡನೆ ಬರೆದ ಗ್ರಂಥದಲ್ಲಿ, ದಪ್ಪನೆಯ ಗೋಡೆ, ಭಾರವಾದ ಮಾಳಿಗೆಗಳು ಹಗಲಿನ ಬಿಸಿಲನ್ನು ತಡೆದು, ಅದು ಒಳಗಿಳಿಯುವುದನ್ನು ಹೇಗೆ ತಡಮಾಡುತ್ತವೆಂಬ ವಿವರಣೆಯಿದೆ. 1999ರಲ್ಲಿ ಅವರು ತೀರಿಕೊಂಡರು.

ನಮ್ಮ ಹಳೆಯ ಮನೆಗೆ ಮೊಳಕ್ಕೂ ಮಿಗಿಲಾದ ದಪ್ಪದ ಕಲ್ಲುಗೋಡೆ, ಮಣ್ಣು ಹಾಸಿದ ಮಾಳಿಗೆ ಇದ್ದವು. ನಾವು ಕಣ್ಣಿಗೆ ಕಾಣುವ ಬಾಗಿಲನ್ನು ಹೊತ್ತು ತಂದೆವು. ಮೈಗೆ ಮಾತ್ರ ತಿಳಿಯುತ್ತಿದ್ದ ತಂಪನ್ನು ಅಲ್ಲಿಯೇ ಬಿಟ್ಟೆವು. ಹಿರಿಯರ ರೂಪವನ್ನು ಉಳಿಸುವುದು ಸುಲಭ. ಅವರ ತಿಳಿವನ್ನು ಉಳಿಸುವುದು ಕಷ್ಟ. ಇದನ್ನು ನಾನು ಅರಿಯುವ ಹೊತ್ತಿಗೆ ತಂದೆಯವರು ಇರಲಿಲ್ಲ.

ಕಳೆದ ವರ್ಷ ತಗಡನ್ನು ತೆಗೆಸಿ, ಊರಿನ ಗೌಂಡಿಯಿಂದ ದಪ್ಪನೆಯ ಗೋಡೆ ಎಬ್ಬಿಸಿ, ಮಾಳಿಗೆ ಹಾಕಿಸಿದೆನು. ಈಗ ಬಾಗಿಲು ನರಳಿದರೆ, ಒಳಗೆ ಬಂದವರು ಮಧ್ಯಾಹ್ನ ಕೂಡುತ್ತಾರೆ. ತಂದೆಯವರೊಬ್ಬರು ಕೂಡಲಿಲ್ಲವೆಂಬ ಕೊರಗು ಮಾತ್ರ ನನಗೆ ಉಳಿದಿದೆ.