ಕಣ್ಣಿನ ಪಸೆ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟದ ಬಯಲು ಮೊದಲಾದವುಗಳನ್ನು ಕುರಿತಿರುವುದು ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ನಾವು ಇಲ್ಲಿ ಬೇರೊಂದು ವಿಷಯವನ್ನು ಪ್ರಸ್ತಾಪಿಸಲು ಇಚ್ಛಿಸುತ್ತೇವೆ. ಅದು ಕಣ್ಣಿನ ಪಸೆಯ ವಿಷಯ. ಸ್ಟೀರಾಯ್ಡ್ ಎಂಬ ಔಷಧಿಯ ವಿಷಯ. ಇವೆರಡಕ್ಕೂ ಇದೆಯೆಂದು ಜನರು ಹೇಳುವ ನಂಟಿನ ವಿಷಯ. ಸಂಗತಿಯು ನಮ್ಮ ದೇಹದಲ್ಲಿಯೇ ನಡೆದುದಾದರೂ, ಅದರಿಂದ ತಿಳಿದುಬಂದುದು ಮಕ್ಕಳಿರುವ ಪ್ರತಿಯೊಂದು ಮನೆಗೂ ಬೇಕಾದದ್ದೆಂದು ತೋರಿದ್ದರಿಂದ ಬರೆಯುತ್ತಿದ್ದೇವೆ.

ಮೂರು ವರ್ಷಗಳ ಕೆಳಗೆ ನಮ್ಮ ಕೈಬೆರಳುಗಳ ಗೆಣ್ಣುಗಳು ಊದಿಕೊಂಡು, ಬೆಳಗಿನ ಮೊದಲ ಪಾಠದಲ್ಲಿ ಸೀಮೆಸುಣ್ಣವನ್ನು ಹಿಡಿಯುವುದೇ ಕಷ್ಟವಾಯಿತು. ವೈದ್ಯರು ಪರೀಕ್ಷಿಸಿ, ಇದು ರುಮಟಾಯ್ಡ್ ಸಂಧಿವಾತವೆಂದು ನಿರ್ಣಯಿಸಿದರು. ಇತರ ಔಷಧಿಗಳೊಡನೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟರು. ವಾರವೊಂದು ಕಳೆಯುವುದರೊಳಗೆ ಕರಿಹಲಗೆಯ ಮೇಲೆ ನಮ್ಮ ಅಕ್ಷರಗಳು ಮತ್ತೆ ನೆಟ್ಟಗಾದವು. ಆದರೆ ಎರಡನೆಯ ಬೇಸಿಗೆಯಲ್ಲಿ ಕಣ್ಣುಗಳು ತೊಂದರೆ ಕೊಡಲಾರಂಭಿಸಿದವು. ಸಂಜೆ ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತರೆ ರೆಪ್ಪೆಯೊಳಗೆ ಮರಳು ಸೇರಿದಂತಾಗುವುದು, ಅಕ್ಷರಗಳು ಮಂಜಾಗುವುವು, ನಾಲ್ಕಾರು ಬಾರಿ ಕಣ್ಣು ಮಿಟುಕಿಸಿದರೆ ಪುನಃ ತಿಳಿಯಾಗುವುವು. ಸ್ಕೂಟರಿನಲ್ಲಿ ಬರುವಾಗ ಗಾಳಿ ಬಡಿದರೆ ನೀರು ಧಾರೆಯಾಗಿ ಸುರಿಯುವುದು.

ಇದನ್ನು ಕೇಳಿದವರೆಲ್ಲರೂ ಒಂದೇ ಮಾತನ್ನು ಹೇಳಿದರು: “ಅದು ಸ್ಟೀರಾಯ್ಡಿನ ಅಡ್ಡ ಪರಿಣಾಮ. ಇಂದೇ ಬಿಟ್ಟುಬಿಡಿ ಮಿಸ್.” ಹಾಗೆಂದವರಲ್ಲಿ ಕೆಲವರು ನಮ್ಮ ಹಳೆಯ ವಿದ್ಯಾರ್ಥಿನಿಯರೇ; ಅವರ ಮಾತಿನಲ್ಲಿ ಪ್ರೀತಿಯಿತ್ತೇ ಹೊರತು ಮತ್ತೇನೂ ಇರಲಿಲ್ಲ. ಆ ಔಷಧಿಯ ಹೆಸರಿಗೆ ಜನರು ಅಂಜುವುದಕ್ಕೂ ಕಾರಣವಿದೆ. 2020ರ ಜೂನ್ ತಿಂಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್, ಆಮ್ಲಜನಕದ ನೆರವು ಬೇಕಾಗಿದ್ದ ಕೋವಿಡ್ ರೋಗಿಗಳ ಪ್ರಾಣವನ್ನು ಉಳಿಸುವುದೆಂದು ಇಂಗ್ಲೆಂಡಿನ ದೊಡ್ಡ ಪ್ರಯೋಗವೊಂದರಿಂದ ತಿಳಿಯಿತು. ಮರುವರ್ಷ, 2021ರ ಬೇಸಿಗೆಯಲ್ಲಿ, ಕಪ್ಪು ಶಿಲೀಂಧ್ರವೆಂಬ ರೋಗವು ನಮ್ಮ ನಾಡಿನಲ್ಲಿ ಅನೇಕರ ಕಣ್ಣುಗಳನ್ನು ಕಿತ್ತುಕೊಂಡಿತು. ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡಿನ ಅತಿಬಳಕೆಯೂ ಅದಕ್ಕೆ ದಾರಿ ಮಾಡಿತೆಂದು ವೈದ್ಯರು ಎಚ್ಚರಿಸಿದರು. ಒಂದೇ ಔಷಧಿಯು ಒಂದು ವರ್ಷದ ಅಂತರದಲ್ಲಿ ರಕ್ಷಕನೂ ಭಕ್ಷಕನೂ ಎನಿಸಿಕೊಂಡಿತು.

ಆದರೂ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ ನಮಗೆ, ಕೊಂಬೆಯನ್ನು ನೋಡದೆ ಕಾಗೆಯನ್ನು ಓಡಿಸುವುದು ವಿಹಿತವೆಂದು ತೋರಲಿಲ್ಲ. ಮಾತ್ರೆಯನ್ನು ಬಿಡದೆ, ಅದರ ಚೀಟಿಯನ್ನು ಕೈಯಲ್ಲಿ ಹಿಡಿದು, ನಗರದ ನೇತ್ರವೈದ್ಯೆಯೊಬ್ಬರನ್ನು ಕಾಣಲು ಹೋದೆವು.

ಆ ವೈದ್ಯೆಯವರು ತೆಳುವಾದ ಕಾಗದದ ಎರಡು ಪಟ್ಟಿಗಳನ್ನು ನಮ್ಮ ಕೆಳರೆಪ್ಪೆಗಳ ಅಂಚಿನಲ್ಲಿ ಸಿಕ್ಕಿಸಿ, ಐದು ನಿಮಿಷ ಕಣ್ಣು ಮುಚ್ಚಿರಲು ಹೇಳಿದರು. ಒಟ್ಟೊ ಷಿರ್ಮರ್ ಎಂಬ ಜರ್ಮನ್ ವೈದ್ಯನು 1903ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. ನೂರು ವರ್ಷ ಕಳೆದರೂ ಇನ್ನೂ ಬಳಕೆಯಲ್ಲಿದೆ. ಕಾಗದವು 10 ಮಿಲಿಮೀಟರಿಗಿಂತ ಹೆಚ್ಚು ನೆನೆದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 5 ಮಿಲಿಮೀಟರಿಗಿಂತ ಕಡಮೆಯಾದರೆ ಕಣ್ಣೀರು ಸಾಲದೆಂದು ಅರ್ಥ. ನಮ್ಮ ಬಲಗಣ್ಣಿನದು 4, ಎಡಗಣ್ಣಿನದು 3. ಜೀವಮಾನದಲ್ಲಿ ಇಷ್ಟು ಕಡಮೆ ಅಂಕಗಳು ನಮಗೆ ಹಿಂದೆಂದೂ ಬಂದಿರಲಿಲ್ಲ.

ಕಣ್ಣೀರೆಂದರೆ ಬರಿಯ ನೀರಲ್ಲ. ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ಆ ಪಸೆಯಲ್ಲಿ ಮೂರು ಅಂಶಗಳಿವೆ. ಗುಡ್ಡೆಗೆ ಅಂಟಿಕೊಂಡಿರುವ ಲೋಳೆ ಒಂದು. ಹುಬ್ಬಿನ ಹೊರತುದಿಯ ಕೆಳಗೆ ಅಡಗಿರುವ ಗ್ರಂಥಿಯಿಂದ ಬರುವ ನೀರು ಎರಡನೆಯದು. ಆ ನೀರು ಆರಿಹೋಗದಂತೆ ರೆಪ್ಪೆಯಂಚಿನ ಸಣ್ಣ ಗ್ರಂಥಿಗಳು ಸುರಿಸುವ ಎಣ್ಣೆ ಮೂರನೆಯದು. ರಾಮಕೃಷ್ಣನಗರದವರಿಗೆ ಇದನ್ನು ತಿಳಿಸಲು ಲಿಂಗಾಂಬುಧಿ ಕೆರೆಯ ಉದಾಹರಣೆಯೇ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1828ರಲ್ಲಿ, ಕಟ್ಟಿದ ಈ ಕೆರೆಯ ದಂಡೆಯಲ್ಲಿ ನಾವು ಬೆಳಗಿನ ಹೊತ್ತು ತಿರುಗಾಡುವುದುಂಟು. ಕೆರೆ ಒಣಗಿದರೆ, ಬರಬೇಕಾದ ನೀರು ಬರಲಿಲ್ಲವೋ, ಬಂದ ನೀರು ಬಿಸಿಲಿಗೆ ಆರಿಹೋಯಿತೋ ಎಂದು ವಿಚಾರಿಸಬೇಕಲ್ಲವೆ? ಕಣ್ಣು ಒಣಗುವುದರಲ್ಲಿಯೂ ಈ ಎರಡು ಬಗೆಗಳಿವೆ. ಎಷ್ಟೋ ಜನರಲ್ಲಿ ಎರಡೂ ಕೂಡಿರುತ್ತವೆ. ಗಾಳಿಗೆ ನಮ್ಮ ಕಣ್ಣಿನಿಂದ ಸುರಿಯುತ್ತಿದ್ದ ಧಾರೆಯೂ ಒಣಗಿದ ಕಣ್ಣಿನ ಗುರುತೇ. ಉರಿಯನ್ನು ತಾಳಲಾರದೆ ಗ್ರಂಥಿಯು ಒಮ್ಮೆಲೆ ನೀರನ್ನು ಸುರಿಸುತ್ತದೆ. ಅದು ನಿಲ್ಲದೆ ಹರಿದುಹೋಗುತ್ತದೆ.

ಹಾಗಾದರೆ ನಮ್ಮ ಕೆರೆಗೆ ನೀರು ಬಾರದೆ ಹೋದದ್ದು ಮಾತ್ರೆಯಿಂದಲೇ? ವೈದ್ಯೆಯವರ ಉತ್ತರವನ್ನು ನಾವು ಮರೆಯಲಾರೆವು. “ಅಮ್ಮಾ, ಮಾತ್ರೆ ಬಂದ ಮೇಲೆ ಕಣ್ಣು ಒಣಗಿತು ಅನ್ನುತ್ತೀರಿ. ಆದರೆ ಮಾತ್ರೆ ಬಂದದ್ದು ಏತಕ್ಕೆ? ರೋಗ ಬಂದದ್ದಕ್ಕೆ ತಾನೆ? ಆ ರೋಗವನ್ನು ಯಾಕೆ ಬಿಟ್ಟುಬಿಟ್ಟಿರಿ?” ಎಂದರು. ಸ್ವೀಡನ್ ದೇಶದ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ 1933ರ ತನ್ನ ಪ್ರಬಂಧದಲ್ಲಿ, ಕಣ್ಣೂ ಬಾಯಿಯೂ ಒಣಗಿ ಅನೇಕರಲ್ಲಿ ಕೀಲುಗಳೂ ನೋಯುವ ಸ್ತ್ರೀಯರನ್ನು ವರ್ಣಿಸಿದನು. ದೇಹವನ್ನು ಕಾಯಬೇಕಾದ ಶಕ್ತಿಯೇ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಈ ರೋಗಕ್ಕೆ ಇಂದು ಅವನ ಹೆಸರೇ ಇದೆ. ಇದಕ್ಕೆ ತುತ್ತಾಗುವವರಲ್ಲಿ ಬಹುಪಾಲು ಹೆಂಗಸರು, ಅದರಲ್ಲಿಯೂ ನಡುವಯಸ್ಸಿನವರು. ಸಂಧಿವಾತವುಳ್ಳವರಿಗೆ ಇದು ಜೊತೆಗೂಡಿ ಬರುವುದು ಅಪರೂಪವಲ್ಲ. ರಕ್ತಪರೀಕ್ಷೆಯಿಂದ ನಮ್ಮ ವಿಷಯದಲ್ಲಿ ಹಾಗೆಯೇ ಆಗಿದೆಯೆಂದು ತಿಳಿಯಿತು.

ಸ್ಟೀರಾಯ್ಡ್ ಕಣ್ಣಿಗೆ ನಿರಪಾಯಕಾರಿಯೆಂದು ಇದರ ಅರ್ಥವಲ್ಲ. ಬಹುಕಾಲ ಸೇವಿಸಿದವರ ಕಣ್ಣಿನ ಮಸೂರದ ಹಿಂಭಾಗದಲ್ಲಿ ಪೊರೆ ಬೆಳೆಯುವುದುಂಟು. ಸಂಧಿವಾತದ ರೋಗಿಗಳಲ್ಲಿ ಇದು ಕಂಡುಬಂದ ವಾರ್ತೆ 1960ರಷ್ಟು ಹಿಂದೆಯೇ ಪ್ರಕಟವಾಯಿತು. ಕಣ್ಣಿನ ಒಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಕಣ್ಣು ಒಣಗುವುದು ಮಾತ್ರ ಸ್ಟೀರಾಯ್ಡಿನ ಮುಖ್ಯ ದೋಷಗಳ ಸಾಲಿನಲ್ಲಿಲ್ಲ. ಒಣಗಿದ ಕಣ್ಣಿನ ಉರಿಯನ್ನು ತಗ್ಗಿಸಲು ಸ್ಟೀರಾಯ್ಡ್ ಹನಿಗಳನ್ನೇ ಕೆಲವು ದಿನಗಳ ಮಟ್ಟಿಗೆ ವೈದ್ಯರು ಕೊಡುವುದೂ ಉಂಟು. ಆದರೂ ಅಡ್ಡದಾರಿಗಳಿವೆ. ಸ್ಟೀರಾಯ್ಡಿನಿಂದ ರಕ್ತದಲ್ಲಿ ಸಕ್ಕರೆಯು ಏರಬಹುದು; ಸಕ್ಕರೆ ಕಾಯಿಲೆಯವರಲ್ಲಿ ಕಣ್ಣೊಣಗುವುದು ಹೆಚ್ಚು. ಉಬ್ಬಸ, ಸೀನು, ತುರಿಕೆಗಳಿಗೆ ಸ್ಟೀರಾಯ್ಡಿನ ಜೊತೆಗೆ ನುಂಗುವ ಅಲರ್ಜಿಯ ಮಾತ್ರೆಗಳಲ್ಲಿ ಕೆಲವು ಕಣ್ಣನ್ನೂ ಬಾಯನ್ನೂ ಒಣಗಿಸುತ್ತವೆ. ಕಣ್ಣಿನ ಹನಿಗಳು ಕೆಡದಿರಲೆಂದು ಬೆರೆಸುವ ರಾಸಾಯನಿಕವು ಬಹುದಿನ ಬಿದ್ದರೆ ಕಣ್ಣಿನ ಮೇಲ್ಮೈಯನ್ನು ಕೆರಳಿಸುತ್ತದೆ.

ಮಾತ್ರೆಯನ್ನು ತಟ್ಟನೆ ಬಿಡದಿದ್ದುದು ಒಳ್ಳೆಯದಾಯಿತೆಂದು ವೈದ್ಯೆಯವರು ಹೇಳಿದ ಕಾರಣವನ್ನು ತಾಯಂದಿರು ಮನಸ್ಸಿನಲ್ಲಿಡಬೇಕು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಗ್ರಂಥಿಗಳು ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾವೇ ತಯಾರಿಸುತ್ತವೆ. ಹೊರಗಿನಿಂದ ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಅದು ಬರುತ್ತಿದ್ದರೆ ಅವು ಕೆಲಸವನ್ನು ಮರೆತು ಮಲಗಿಬಿಡಬಹುದು. ಆಗ ಮಾತ್ರೆಯನ್ನು ಒಮ್ಮೆಲೆ ನಿಲ್ಲಿಸಿದರೆ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ, ಪ್ರಾಣಾಪಾಯ ಕೂಡ ಸಂಭವಿಸಬಹುದು. ಆದಕಾರಣ ಇಳಿಸುವುದಾದರೆ ವೈದ್ಯರ ಅಪ್ಪಣೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸತಕ್ಕದ್ದು.

ಈ ಔಷಧಿಯ ಹುಟ್ಟಿನ ಕಥೆಯೂ ಸ್ವಾರಸ್ಯವಾದದ್ದು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನು, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸೊಬ್ಬಳಿಗೆ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ವಸ್ತುವನ್ನು ಚುಚ್ಚಿಸಿದನು. ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಈ ಮೂವರಿಗೆ ನೊಬೆಲ್ ಪಾರಿತೋಷಕವು ಬಂತು. ಸ್ಟೀರಾಯ್ಡಿನ ಹಾನಿಗಳೂ ಬೇಗನೆ ಬೆಳಕಿಗೆ ಬಂದವು. ನಮ್ಮ ಕೈಯಂತೆಯೇ ಊದಿದ ಕೈಯುಳ್ಳ ಹೆಂಗಸೊಬ್ಬಳು ಇದರ ಮೊದಲ ರೋಗಿಯೆಂಬುದನ್ನು ನೆನೆದಾಗ ಆ ಮಾತ್ರೆಯನ್ನು ಹಳಿಯಲು ನಮಗೆ ನಾಲಿಗೆ ಬಾರದು.

ಈಗ ನಮ್ಮನ್ನು ಈ ಲೇಖನ ಬರೆಯುವಂತೆ ಪ್ರೇರಿಸಿದ ಸಂಗತಿಗೆ ಬರುತ್ತೇವೆ. ನಮ್ಮ ಎಂಟನೆಯ ತರಗತಿಯ ಬಾಲಿಕೆಯೊಬ್ಬಳಿಗೆ ಪ್ರತಿ ಬೇಸಿಗೆಯಲ್ಲಿ ಕಣ್ಣು ಕೆಂಪಾಗಿ ತುರಿಸುತ್ತಿತ್ತು. ಎಂದೋ ಒಮ್ಮೆ ಬರೆದುಕೊಟ್ಟ ಹನಿಯು ಒಂದೇ ದಿನದಲ್ಲಿ ಕೆಂಪನ್ನು ಇಳಿಸಿದ್ದರಿಂದ, ಮನೆಯವರು ಅದೇ ಸೀಸೆಯನ್ನು ಔಷಧದಂಗಡಿಯಲ್ಲಿ ತೋರಿಸಿ ಮತ್ತೆ ಮತ್ತೆ ಕೊಂಡು ತಂದರು. ಹೀಗೆ ಎರಡು ವರ್ಷ ನಡೆಯಿತು. ಅದು ಸ್ಟೀರಾಯ್ಡ್ ಹನಿ. ಅಂಥ ಹನಿಗಳನ್ನು ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಸ್ವಲ್ಪವಾದರೂ ಏರುತ್ತದೆ. ಕೆಲವರಿಗೆ ವಿಪರೀತವಾಗಿ ಏರುತ್ತದೆ. ನೋವಿಲ್ಲ, ಕೆಂಪಿಲ್ಲ, ದೃಷ್ಟಿಯು ಅಂಚಿನಿಂದ ಸವೆಯುತ್ತ ಬರುತ್ತದೆ. ಆ ಹುಡುಗಿಯು ಬಾಗಿಲಿನ ಚೌಕಟ್ಟಿಗೆ ಪದೇ ಪದೇ ಭುಜ ತಾಗಿಸುತ್ತಿದ್ದುದನ್ನು ಕಂಡ ನಮ್ಮ ದೈಹಿಕ ಶಿಕ್ಷಣದ ಉಪಾಧ್ಯಾಯಿನಿಯವರು ತಾಯಿಯನ್ನು ಕರೆಸಿದರು. “ಕಣ್ಣು ಬೆಳ್ಳಗೇ ಇದೆಯಲ್ಲ ಮಿಸ್, ಏನೂ ಆಗಿಲ್ಲ” ಎಂದು ಆ ತಾಯಿ ಮೊದಲು ನಂಬಲಿಲ್ಲ. ಚಿಕಿತ್ಸೆಯಿಂದ ಉಳಿದ ದೃಷ್ಟಿಯು ನಿಂತಿದೆ. ಹೋದದ್ದು ಮರಳಲಿಲ್ಲ, ಮರಳುವುದೂ ಇಲ್ಲ. ಆ ಬಾಲಿಕೆಯು ಈಗ ಮುಂದಿನ ಬೆಂಚಿನಲ್ಲಿ ಕುಳಿತು ಚೆನ್ನಾಗಿ ಓದುತ್ತಿದ್ದಾಳೆ. ಒಣಗಿದ ಕಣ್ಣಿಗೆ ಉಪಾಯವಿದೆ. ಆದರೆ ಒಣಗಿದ ಕಣ್ಣಿನ ಕೆಂಪನ್ನು ಅಳಿಸಲು ತಾವೇ ಕೊಂಡ ಹನಿಯಿಂದ ಹೋದ ದೃಷ್ಟಿಗೆ ಉಪಾಯವಿಲ್ಲ.

ಮುಖಕ್ಕೆ ಬಿಳುಪು ಬರುವುದೆಂದು ನಮ್ಮ ದೊಡ್ಡ ತರಗತಿಗಳ ಹುಡುಗಿಯರು ಹಚ್ಚಿಕೊಳ್ಳುವ ಮುಲಾಮುಗಳಲ್ಲಿಯೂ ಕೆಲವು ಸ್ಟೀರಾಯ್ಡುಗಳೇ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಅವು ಚರ್ಮವನ್ನು ತೆಳುವಾಗಿಸುವುದಲ್ಲದೆ, ರೆಪ್ಪೆಗಳ ಬಳಿ ಹಚ್ಚಿದಾಗ ಕಣ್ಣಿನ ಒಳಕ್ಕೂ ಸೇರಬಲ್ಲವು. ದೇವರು ಕೊಟ್ಟ ಬಣ್ಣವನ್ನು ಅಳಿಸಲು ಅವನು ಕೊಟ್ಟ ಕಣ್ಣನ್ನು ಪಣಕ್ಕಿಡಬೇಡಿರೆಂದು ನಾವು ಅವರಿಗೆ ಹೇಳುತ್ತಿರುತ್ತೇವೆ.

ನಮ್ಮ ದಿನಚರಿಯು ಈಗ ಹೀಗಿದೆ. ಸಂರಕ್ಷಕ ರಾಸಾಯನಿಕವಿಲ್ಲದ ಕೃತಕ ಕಣ್ಣೀರಿನ ಹನಿಗಳನ್ನು ದಿನಕ್ಕೆ ಹಲವು ಬಾರಿ ಹಾಕಿಕೊಳ್ಳುತ್ತೇವೆ. ರಾತ್ರಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ರೆಪ್ಪೆಗಳ ಮೇಲಿಟ್ಟು ಎಣ್ಣೆಯ ಗ್ರಂಥಿಗಳಿಗೆ ಶಾಖ ಕೊಡುತ್ತೇವೆ. ಫ್ಯಾನಿನ ಗಾಳಿಗೆ ಮುಖವೊಡ್ಡಿ ಕೂರುವುದಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ಕಣ್ಣು, ಪುಸ್ತಕವನ್ನೋ ಮೊಬೈಲನ್ನೋ ನೋಡುವಾಗ ಅರ್ಧದಷ್ಟೂ ಮಿಟುಕುವುದಿಲ್ಲವಾದ್ದರಿಂದ, ಪ್ರತಿ ಉತ್ತರ ಪತ್ರಿಕೆ ಮುಗಿದಾಗ ಕಣ್ಣನ್ನು ಪೂರ್ತಿಯಾಗಿ ಹತ್ತು ಬಾರಿ ಮುಚ್ಚಿ ತೆರೆಯುತ್ತೇವೆ. ವೈದ್ಯೆಯವರು ಹೇಳಿದ ಕಾಲಕ್ಕೆ ತಪ್ಪದೆ ಒತ್ತಡವನ್ನೂ ಪೊರೆಯನ್ನೂ ಪರೀಕ್ಷಿಸಿಕೊಳ್ಳುತ್ತೇವೆ. ಪ್ರೆಡ್ನಿಸೊಲೋನ್ ಮಾತ್ರೆಯು ಅವರ ಅಪ್ಪಣೆಯಂತೆ ಅರ್ಧಕ್ಕೆ ಇಳಿದಿದೆ. ಕಣ್ಣು ಪೂರ್ಣವಾಗಿ ಗುಣವಾಗಿಲ್ಲ. ಗುಣವಾಗುವ ರೋಗವೂ ಅದಲ್ಲ. ಆದರೆ ಕೈ ಬರೆಯುತ್ತಿದೆ, ಕಣ್ಣು ಓದುತ್ತಿದೆ.

ಕೊನೆಯದಾಗಿ ಪೋಷಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಕಪಾಟಿನಲ್ಲಿರುವ ಕಣ್ಣಿನ ಹನಿಯ ಸೀಸೆಯನ್ನು ಇಂದೇ ತೆಗೆದು ಅದರ ಮೇಲಿನ ಹೆಸರನ್ನು ಓದಿರಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂದಿದ್ದರೆ, ಅದನ್ನು ಎಷ್ಟು ದಿನ ಹಾಕಬೇಕೆಂದು ವೈದ್ಯರು ಹೇಳಿದ್ದರೆಂಬುದನ್ನು ನೆನಪಿಸಿಕೊಳ್ಳಿರಿ. ಮಗುವಿಗೆ ಈಗಲೂ ಅದನ್ನು ಹಾಕುತ್ತಿದ್ದರೆ ಈ ವಾರವೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ. ಸೀಸೆಯನ್ನೂ ಚೀಟಿಯನ್ನೂ ಜೊತೆಯಲ್ಲಿ ಕೊಂಡೊಯ್ಯಲು ಮರೆಯದಿರಿ.