ಇಟಲಿಯಲ್ಲಿ ಇಬ್ಬರು, ನಾಲ್ಕು ಪುಸ್ತಕ

ಇಟಲಿಗೆ ಹೊರಡೋ ಮುಂಚೆ ನಾವು ಒಂದು ನಿಯಮ ಮಾಡಿಕೊಂಡ್ವಿ. ಒಬ್ಬೊಬ್ಬರೂ ಎರಡೆರಡು ಪುಸ್ತಕ ತರಬೇಕು, ತಮಗಲ್ಲ, ಇನ್ನೊಬ್ಬರಿಗೆ. ಯಾವುದು ಅಂತ ಮೊದಲೇ ಹೇಳೋ ಹಾಗಿಲ್ಲ. ಒಂದು ಊರಿಗೆ ಒಂದು ಪುಸ್ತಕ. ಓದಿ ಮುಗಿಸೋ ತನಕ 'ಇದನ್ನೇ ಯಾಕೆ ಕೊಟ್ಟೆ' ಅಂತ ಕೇಳೋ ಹಾಗೂ ಇಲ್ಲ.

ನಾವಿಬ್ಬರೂ ಇದೇ ಕ್ಯಾಂಪಸ್ಸಿನವರು, ಒಬ್ಬರು ಸಿವಿಲ್, ಒಬ್ಬರು ಕಂಪ್ಯೂಟರ್ ಸೈನ್ಸ್. ನಮ್ಮಲ್ಲೊಬ್ಬರಿಗೆ ಇಟಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿತ್ತು. ಅಲ್ಲಿ ಪಿಎಚ್‌ಡಿ ಸಾಮಾನ್ಯವಾಗಿ ಮೂರು ವರ್ಷ. ಇನ್ನೊಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ. ಒಪ್ಪಿಕೊಳ್ಳೋದಾ ಬೇಡವಾ ಅಂತ ತಿಂಗಳುಗಟ್ಟಲೆ ಮಾತಾಡಿದ್ವಿ. ದುಡ್ಡಿನ ಲೆಕ್ಕ ಎಕ್ಸೆಲ್‌ನಲ್ಲಿ ಸರಿಯಾಗಿಯೇ ಬಂತು. ಆದ್ರೆ ಎಕ್ಸೆಲ್‌ನಲ್ಲಿ ಹಾಕೋಕಾಗದ ಮಾತುಗಳು ಹಾಗೇ ಉಳಿದುಕೊಂಡ್ವು. ಒಂದು ಸಲ ಆ ದೇಶ ನೋಡಿಕೊಂಡು ಬಂದು ತೀರ್ಮಾನ ಮಾಡೋಣ ಅಂತ ರಜೆ ಹಾಕಿದ್ವಿ. ನಮ್ಮಲ್ಲಿ ಹೊರಡೋರು ಯಾರು, ಉಳಿಯೋರು ಯಾರು ಅಂತ ಇಲ್ಲಿ ಬರೆಯಲ್ಲ. ಬರೆದ್ರೆ ನೀವು ಓದೋ ರೀತಿಯೇ ಬದಲಾಗಿಬಿಡುತ್ತೆ.

ಮೊದಲ ಊರು ತೂರಿನ್. ಹೊರಡೋರು ಉಳಿಯೋರಿಗೆ ಕೊಟ್ಟಿದ್ದು ಪ್ರಿಮೊ ಲೆವಿಯ 'ದ ಪೀರಿಯಾಡಿಕ್ ಟೇಬಲ್'. ಲೆವಿ ಈ ಊರಿನ ಕೆಮಿಸ್ಟ್. 1944ರಲ್ಲಿ ಅವನನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಅಲ್ಲಿಂದ ಬದುಕಿ ಬಂದು, ಸುಮಾರು 30 ವರ್ಷ ಒಂದು ಬಣ್ಣದ ಕಾರ್ಖಾನೆಯಲ್ಲಿ ದುಡಿದ. ಕೆಲಸ ಮಾಡ್ತಾನೇ ಪುಸ್ತಕ ಬರೆದ. 1975ರಲ್ಲಿ ಬಂದ ಈ ಪುಸ್ತಕದಲ್ಲಿ 21 ಅಧ್ಯಾಯ, ಒಂದೊಂದಕ್ಕೂ ಒಂದೊಂದು ಮೂಲಧಾತುವಿನ ಹೆಸರು.

ನಿಮಗೆಲ್ಲ 'ಕ್ರೋಮಿಯಂ' ಅಧ್ಯಾಯವನ್ನಂತೂ ಓದಿಸಬೇಕು. ಯುದ್ಧ ಮುಗಿದ ಹೊಸದರಲ್ಲಿ ಲೆವಿ ಸೇರಿದ ಕಾರ್ಖಾನೆಯಲ್ಲಿ ತುಕ್ಕು ತಡೆಯೋ ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಗಿ ಕೂತಿರುತ್ತೆ. ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಅವನು ಕಾರಣ ಹಿಡೀತಾನೆ, ಅಮೋನಿಯಂ ಕ್ಲೋರೈಡ್ ಹಾಕಿ ಸರಿಮಾಡ್ತಾನೆ. ಆ ಕೆಟ್ಟ ಕಚ್ಚಾಮಾಲು ಯಾವತ್ತೋ ಮುಗಿದುಹೋಗುತ್ತೆ. ಆದ್ರೆ ವರ್ಷಗಳ ಮೇಲೂ ಅಲ್ಲಿ ಬಣ್ಣಕ್ಕೆ ಅಮೋನಿಯಂ ಕ್ಲೋರೈಡ್ ಬೀಳ್ತಾನೇ ಇರುತ್ತೆ. ಯಾಕೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ! ಇದನ್ನ ಓದಿ ನಮ್ಮಲ್ಲಿನ ಕಂಪ್ಯೂಟರ್ ಸೈನ್ಸ್‌ನವರು ಹೋಟೆಲಿನ ಹಾಸಿಗೆ ಮೇಲೆ ಎದ್ದು ಕೂತು ನಕ್ಕರು. ಯಾರೋ ಬರೆದು ಬಿಟ್ಟುಹೋದ, ಮುಟ್ಟೋಕೆ ಎಲ್ಲರೂ ಹೆದರೋ ಹಳೇ ಕೋಡು ಯಾವ ಕಂಪನಿಯಲ್ಲಿಲ್ಲ ಹೇಳಿ.

ನಗು ನಿಂತ ಮೇಲೆ ಅದೇ ಅಧ್ಯಾಯದ ಇನ್ನೊಂದು ವಿಷಯ ಕಂಡಿತು. ಲೆವಿಗೆ ತನ್ನ ಬಾಳಸಂಗಾತಿ ಸಿಕ್ಕಿದ್ದು, ಶಿಬಿರದ ನೆನಪುಗಳನ್ನು ಬರೆಯೋಕೆ ಧೈರ್ಯ ಬಂದದ್ದು, ಗಟ್ಟಿಯಾದ ಬಣ್ಣದ ಲೆಕ್ಕ ಬಿಡಿಸಿದ್ದು, ಎಲ್ಲ ಒಂದೇ ಕಾಲದಲ್ಲಿ. ಲ್ಯಾಬು ಬೇರೆ, ಬದುಕು ಬೇರೆ ಅಂತ ಅವನು ಗೆರೆ ಎಳೆಯಲಿಲ್ಲ. ಈ ಪಿಎಚ್‌ಡಿ ಬರೀ ಡಿಗ್ರಿ ಅಲ್ಲ ಅಂತ ಹೊರಡೋರು ತಿಂಗಳುಗಳಿಂದ ಹೇಳೋಕೆ ಒದ್ದಾಡ್ತಿದ್ದದ್ದನ್ನ ಆ ಹತ್ತಿಪ್ಪತ್ತು ಪುಟ ಹೇಳಿಬಿಟ್ಟಿತ್ತು. ಕೋರ್ಸೊ ರೆ ಉಂಬೆರ್ತೊ ಅನ್ನೋ ಸಾಲುಮರಗಳ ರಸ್ತೆಯಲ್ಲಿ ಲೆವಿ ಹುಟ್ಟಿ, ಬಾಳಿ, 1987ರಲ್ಲಿ ತೀರಿಕೊಂಡ ಮನೆ ಇದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ವಿ. ಲೆವಿ ನಿಮಗೆ ಹಿಡಿಸಿದ್ರೆ, ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ನಮ್ಮ ನೇಮಿಚಂದ್ರ ಅವರ 'ಯಾದ್ ವಶೇಮ್' ಕಾದಂಬರಿಯನ್ನೂ ಓದಿ.

ಅಲ್ಲಿಂದ ರೈಲಿನಲ್ಲಿ ವೆನಿಸ್. ಈಗ ಕೊಡೋ ಸರದಿ ಉಳಿಯೋರದ್ದು. ಕೊಟ್ಟಿದ್ದು ಇಟಾಲೊ ಕಾಲ್ವಿನೊ 1972ರಲ್ಲಿ ಬರೆದ 'ಇನ್ವಿಸಿಬಲ್ ಸಿಟೀಸ್'. ಮಾರ್ಕೊ ಪೋಲೊ ಚಕ್ರವರ್ತಿ ಕುಬ್ಲಾಯ್ ಖಾನನಿಗೆ 55 ಊರುಗಳ ಕಥೆ ಹೇಳ್ತಾನೆ. ಯಾವ ಊರಿನ ಬಗ್ಗೆ ಹೇಳಿದ್ರೂ ಅದರೊಳಗೆ ಅವನ ವೆನಿಸ್ ಇದ್ದೇ ಇರುತ್ತೆ. ಸಂದೇಶ ಅರ್ಥವಾಯ್ತು: ಎಲ್ಲಿಗೆ ಬೇಕಾದ್ರೂ ಹೋಗು, ಊರು ಜೊತೇಲೇ ಬರುತ್ತೆ.

ಈ ಊರಲ್ಲಿ ನಾವು ಹುಡುಕಿಕೊಂಡು ಹೋಗಿದ್ದು ಆಲ್ದುಸ್ ಮನುತಿಯಸ್ ಅನ್ನೋ ಮುದ್ರಕನ ಜಾಗವನ್ನ. ಸಾಂತ್ ಅಗೋಸ್ತಿನ್ ಅನ್ನೋ ಸಣ್ಣ ಚೌಕದ ಹತ್ತಿರ ಅವನ ಮುದ್ರಣಾಲಯ ಇತ್ತು. 1501ರಲ್ಲಿ ಅವನು ಕೈಯಲ್ಲಿ ಹಿಡಿದು ಓಡಾಡುವಂಥ ಸಣ್ಣ ಪುಸ್ತಕಗಳನ್ನು ಅಚ್ಚು ಹಾಕೋಕೆ ಶುರು ಮಾಡಿದ. ಅದಕ್ಕಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದುಕೊಟ್ಟ ಓರೆ ಅಕ್ಷರವೇ ನೀವು ರಿಪೋರ್ಟಿನಲ್ಲಿ ಬಳಸೋ 'ಇಟಾಲಿಕ್'. ನಾವು ಬೆನ್ನಚೀಲದಲ್ಲಿ ಪುಸ್ತಕ ಹಾಕಿಕೊಂಡು ತಿರುಗಿದ್ದಕ್ಕೂ ಅವನಿಗೆ ಋಣಿಯಾಗಿರಬೇಕು. ಇನ್ನೊಂದಿದೆ. 1490ರ ದಶಕದಲ್ಲಿ ಇದೇ ಮುದ್ರಣಾಲಯದ ಪುಸ್ತಕವೊಂದರಲ್ಲಿ ಸೆಮಿಕೋಲನ್ ಕಾಣಿಸಿಕೊಂಡಿತು. ಸಿ ಪ್ರೋಗ್ರಾಮಿನ ಸಾಲಿನ ಕೊನೆಗೆ ಅದನ್ನ ಹಾಕೋದು ಮರೆತು ಕಂಪೈಲರ್‌ನಿಂದ ಬೈಸಿಕೊಳ್ಳದವರು ನಿಮ್ಮಲ್ಲಿ ಯಾರಿದ್ದೀರಿ? ಕೋಡಿನಲ್ಲಿ ಸೆಮಿಕೋಲನ್ ಅಂದ್ರೆ ಮುಗೀತು ಅಂತ. ಬರವಣಿಗೆಯಲ್ಲಿ ಹಾಗಲ್ಲ. ಅದರ ಎರಡೂ ಕಡೆಯ ವಾಕ್ಯ ತಮ್ಮಷ್ಟಕ್ಕೆ ನಿಲ್ಲಬಲ್ಲವು, ಆದ್ರೂ ಮಾತು ಮುಗಿದಿರೋದಿಲ್ಲ. ಕಾಲುವೆ ದಂಡೆಯಲ್ಲಿ ಕೂತು ಇದನ್ನ ಮಾತಾಡುವಾಗ ನಾವಿಬ್ಬರೂ ಸುಮ್ಮನಾದ್ವಿ. ಮೂರು ವರ್ಷ ಅನ್ನೋ ಮಾತು ಅವತ್ತು ಯಾರೂ ಎತ್ತಲಿಲ್ಲ.

ಆ ಮಾತು ಬಂದದ್ದು ಫ್ಲಾರೆನ್ಸಿನಲ್ಲಿ. ಉಳಿಯೋರು ತಂದ ಎರಡನೇ ಪುಸ್ತಕ ಡಾವಾ ಸೊಬೆಲ್ ಬರೆದ 'ಗೆಲಿಲಿಯೋಸ್ ಡಾಟರ್'. ದಪ್ಪ ಪುಸ್ತಕ, ಅದಕ್ಕೇ ಎರಡು ದಿನ ಮೊದಲೇ ಕೈಗೆ ಬಂದಿತ್ತು. ಗೆಲಿಲಿಯೋನ ಹಿರಿಯ ಮಗಳು ವರ್ಜೀನಿಯಾ, 13ನೇ ವಯಸ್ಸಿಗೇ ಊರ ಪಕ್ಕದ ಆರ್ಚೆತ್ರಿಯ ಕಾನ್ವೆಂಟ್ ಸೇರಿ ಸನ್ಯಾಸಿನಿ ಮರಿಯಾ ಚೆಲೆಸ್ತೆ ಆದಳು. ಗೋಡೆಯಾಚೆ ಬರೋ ಹಾಗಿಲ್ಲ. ಉಳಿದ ದಾರಿ ಕಾಗದ ಒಂದೇ. ಅವಳು ಅಪ್ಪನಿಗೆ ಬರೆದ 124 ಕಾಗದಗಳು ಇವತ್ತಿಗೂ ಇವೆ. ದೊಡ್ಡ ತತ್ವವೇನೂ ಅಲ್ಲ. ಅಪ್ಪನ ಅಂಗಿಯ ಕಾಲರ್ ಹೊಲಿದಿದ್ದು, ಸಕ್ಕರೆಪಾಕದ ಮಾದಲಹಣ್ಣು ಕಳಿಸಿದ್ದು, ಕಾನ್ವೆಂಟಿನ ಕೆಟ್ಟ ಗಡಿಯಾರವನ್ನ ಅಪ್ಪ ರಿಪೇರಿ ಮಾಡಿಕೊಟ್ಟಿದ್ದು, ಇಂಥವೇ. 1633ರಲ್ಲಿ ರೋಮಿನಲ್ಲಿ ಅವನ ವಿಚಾರಣೆ ನಡೆಯುವಾಗಲೂ ಮಗಳ ಕಾಗದ ಹೋಗ್ತಾನೇ ಇತ್ತು. ವರ್ಷದ ಕೊನೆಗೆ ಅವನು ಗೃಹಬಂಧನದ ಕೈದಿಯಾಗಿ ಆರ್ಚೆತ್ರಿಗೆ ಮರಳಿದ. ನಾಲ್ಕು ತಿಂಗಳಿಗೆ ಮಗಳು ತೀರಿಕೊಂಡಳು, 33 ವರ್ಷಕ್ಕೆ. ಗೆಲಿಲಿಯೋ ಅವಳಿಗೆ ಬರೆದ ಕಾಗದಗಳಲ್ಲಿ ಒಂದೂ ಉಳಿದಿಲ್ಲ.

ಮಗಳು ಹೋದ ಮೇಲೆ ಅದೇ ಮನೆಯಲ್ಲಿ ಅವನು 'ಎರಡು ಹೊಸ ವಿಜ್ಞಾನಗಳು' ಕೃತಿಯನ್ನ ಮುಗಿಸಿದ. ಅದು 1638ರಲ್ಲಿ ಅಚ್ಚಾಗಿದ್ದು ದೂರದ ಲೈಡನ್ನಿನಲ್ಲಿ. ನೀವು ಈಗ ತಲೆಕೆಡಿಸಿಕೊಳ್ಳೋ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಶುರುವಾಗೋದು ಅಲ್ಲಿ, ಗೋಡೆಯಿಂದ ಚಾಚಿದ ಒಂದು ತೊಲೆಯ ಚಿತ್ರದಿಂದ. ನ್ಯೂಟ್ರಲ್ ಆಕ್ಸಿಸ್ ಎಲ್ಲಿರುತ್ತೆ ಅನ್ನೋದು ಅವನಿಗೆ ಸಿಗಲಿಲ್ಲ. ಆದ್ರೆ ತೊಲೆಯ ಆಳ ಎರಡರಷ್ಟಾದ್ರೆ ಅದರ ಬಲ ನಾಲ್ಕರಷ್ಟಾಗುತ್ತೆ ಅನ್ನೋದು ಸಿಕ್ಕಿತು. ಅದಕ್ಕಿಂತ ಮುಂಚಿನ 'ಸಂವಾದ'ವನ್ನಾಗಲಿ ಇದರ ಮಾತುಕತೆಗಳನ್ನಾಗಲಿ ಅವನು ಬರೆದಿದ್ದು ಪಂಡಿತರ ಲ್ಯಾಟಿನ್ನಿನಲ್ಲಲ್ಲ, ಜನ ಆಡೋ ಇಟಾಲಿಯನ್ನಿನಲ್ಲಿ. ಕನ್ನಡ ಸಂಘದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಂತಾ ಕ್ರೋಚೆ ಚರ್ಚಿನಲ್ಲಿ ಗೆಲಿಲಿಯೋನ ಸಮಾಧಿ ಇದೆ. ಪುಸ್ತಕದ ಕೊನೆಯ ಪುಟಗಳನ್ನ ಓದಿಯೇ ಅದರ ಮುಂದೆ ನಿಲ್ಲಬೇಕು. ಯಾಕೆ ಅನ್ನೋದನ್ನ ಹೇಳಿ ನಿಮ್ಮ ಓದು ಕೆಡಿಸಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಹೊರಡೋರು ಕೇಳಿದ್ರು, "ಈಗ ಹೇಳು, ಇದನ್ನೇ ಯಾಕೆ ಕೊಟ್ಟೆ?"

"ಕಾಗದ ಬರೀತೀಯಾ ಇಲ್ವಾ ಅಂತ ಕೇಳೋಕೆ."

"ದಿನಾ ವಿಡಿಯೋ ಕಾಲ್ ಮಾಡ್ತೀವಲ್ಲ?"

"ಕಾಲ್‌ನಲ್ಲಿ ಊಟ ಆಯ್ತಾ, ಕರೆಂಟ್ ಬಿಲ್ ಕಟ್ಟಿದ್ಯಾ, ಇಷ್ಟೇ ಆಗೋದು. ನಾಳೆ ನೋಡಿದ್ರೆ ಒಂದೂ ಉಳಿದಿರಲ್ಲ."

ಆ ಮೆಟ್ಟಿಲ ಮೇಲೇ ಎಲ್ಲ ಮಾತಾಡಿದ್ವಿ. ಉಳಿಯೋರಿಗಿದ್ದ ಭಯ ದೂರದ್ದಲ್ಲ, ಮೂರು ವರ್ಷ ಆದ ಮೇಲೆ ಹೇಳಿಕೊಳ್ಳೋಕೆ ಏನೂ ಇಲ್ಲದ ಇಬ್ಬರಾಗಿಬಿಟ್ರೆ ಅನ್ನೋದು. ಹೊರಡೋರಿಗೂ ಅದೇ ಭಯ ಇತ್ತು. ಇಬ್ಬರದ್ದೂ ಒಂದೇ ಭಯ ಅಂತ ತಿಳಿದದ್ದಕ್ಕೇ ಅರ್ಧ ಭಾರ ಇಳಿದಂತಾಯ್ತು.

ಕೊನೆಯ ಊರು ರೋಮ್. ಹೊರಡೋರು ಈ ಸಲ ಕೊಟ್ಟಿದ್ದು ಪುಸ್ತಕವಲ್ಲ, ಜೆರಾಕ್ಸ್ ಹಾಳೆಗಳ ಒಂದು ಕಟ್ಟು: ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ರೋಮಿನವನ ಭಾರತ ಪ್ರವಾಸದ ಪತ್ರಗಳು. ಅವನು 1623ರಲ್ಲಿ ಗೋವಾದಿಂದ ಹೊರಟು, ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದಿದ್ದ. ರೋಮಿನ ನಡುವೆ ಕೂತು ಇಕ್ಕೇರಿಯ ಬೀದಿಯ ವರ್ಣನೆ ಓದೋ ಖುಷಿಯೇ ಬೇರೆ.

ಹಾಳೆಗಳಲ್ಲಿ ಇಲ್ಲದ ಕಥೆಯೂ ಒಂದಿತ್ತು. ಬಾಗ್ದಾದಿನಲ್ಲಿ ಅವನು ಮಆನಿ ಅನ್ನೋ ಹುಡುಗಿಯನ್ನ ಮದುವೆಯಾಗಿ ಅವಳ ಜೊತೆ ಪರ್ಷಿಯಾ ಸುತ್ತಿದ. 1621ರ ಕೊನೆಗೆ ಹೊರ್ಮುಜ್ ಹತ್ತಿರ ಅವಳು ಜ್ವರದಿಂದ ಸತ್ತಳು. ಅವಳ ದೇಹವನ್ನ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲದ ಪಯಣದ ಕೊನೆಗೆ ರೋಮಿಗೆ ತಂದು, ಸಾಂತಾ ಮರಿಯಾ ಇನ್ ಅರಾಚೆಲಿ ಚರ್ಚಿನಲ್ಲಿ ಮಣ್ಣುಮಾಡಿದ. ಆಮೇಲೆ ಮರುಮದುವೆಯಾದ, ಅದೂ ನಿಜ. ಆ ಚರ್ಚಿಗೆ 124 ಮೆಟ್ಟಿಲು. ಮರಿಯಾ ಚೆಲೆಸ್ತೆಯ ಕಾಗದಗಳೂ 124 ಅಂತ ನೆನಪಾಗಿದ್ದು ಅರ್ಧ ಹತ್ತಿ ಏದುಸಿರು ಬಿಡುವಾಗ.

ಆದ್ರೆ ಹೊರಡೋರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದು ಬೇರೆ ಭಾಗಕ್ಕೆ. ಘಟ್ಟದ ದಾರಿಯಲ್ಲಿ, ಆಳುಗಳು ಹೊರೆ ಕಟ್ಟೋ ಹೊತ್ತಿನಲ್ಲಿ, ದೆಲ್ಲಾ ವಾಲ್ಲೆ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ವರು ಹುಡುಗರನ್ನ ನೋಡ್ತಾನೆ. ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳ್ತಾ, ಬೆರಳಲ್ಲಿ ಲೆಕ್ಕ ಬರೀತಿದ್ದಾರೆ. ಮೇಷ್ಟ್ರಿಲ್ಲ. ತಪ್ಪಾದ್ರೆ ತಿದ್ದೋರು ಯಾರು ಅಂತ ಕೇಳ್ತಾನೆ. ನಾಲ್ವರೂ ಒಂದೇ ಕಡೆ ಮರೆಯೋದು ಸಾಧ್ಯವಿಲ್ಲ, ಒಬ್ಬ ಮರೆತ್ರೆ ಉಳಿದವರು ತಿದ್ತೀವಿ ಅಂತ ಅವರು ಹೇಳ್ತಾರೆ. ಅವನಿಗೆ ಅದು ಬಹಳ ಹಿಡಿಸುತ್ತೆ.

ನಮಗೂ ಹಿಡಿಸಿತು. ಊರಿಗೆ ಬಂದ ವಾರವೇ ಸೀಟು ಒಪ್ಪಿಕೊಂಡ ಮೇಲ್ ಹೋಯ್ತು. ಜೊತೆಗೆ ಒಂದು ಕರಾರು: ತಿಂಗಳಿಗೊಂದು ಪುಸ್ತಕ, ಇಬ್ಬರ ಹತ್ತಿರವೂ ಒಂದೊಂದು ಪ್ರತಿ, ಓದಿದ ಮೇಲೆ ಕೈಬರಹದ ಒಂದು ಕಾಗದ. ಬಂದ ಕಾಗದ ಎರಡೂ ಕಡೆ ಜೋಪಾನವಾಗಿ ಇಡಬೇಕು.

ನಿಮಗೆ ಇಟಲಿ ಬೇಕಾಗಿಲ್ಲ, ಮದುವೆಯೂ ಬೇಕಾಗಿಲ್ಲ. ರೂಮ್‌ಮೇಟ್ ಸಾಕು. 'ಚೆನ್ನಾಗಿದೆ, ಓದು' ಅಂತ ಎಲ್ಲರಿಗೂ ಒಂದೇ ಪುಸ್ತಕದ ಲಿಂಕ್ ಕಳಿಸಬೇಡಿ. ಆ ಒಬ್ಬರಿಗೆ ಏನು ಹೇಳಬೇಕೋ ಅದನ್ನ ಹೇಳೋ ಪುಸ್ತಕ ಹುಡುಕಿ ಕೈಗೆ ಕೊಡಿ. ಅವರು ಓದಿ ಮುಗಿಸೋ ತನಕ ಕಾಯಿರಿ. ಮೊದಲ ತಿಂಗಳಿಗೆ ನಾವು ಆರಿಸಿಕೊಂಡಿರೋದು ತೇಜಸ್ವಿಯವರ 'ಕರ್ವಾಲೊ'. ಒಂದು ಪ್ರತಿ ಆಗಲೇ ಸೂಟ್‌ಕೇಸಿನೊಳಗಿದೆ.